ಹಳೇ ಕಾರಿನ ಮೈಲೇಜ್ ಬಿದ್ದಿದೆ, ಆಕ್ಸಿಜನ್ ಸೆನ್ಸರ್ ಹಾಕಿಸಿದರೆ ಸರಿಹೋಗುತ್ತಾ?

ಪ್ರಶ್ನೆ: ನನ್ನದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1,18,000 ಕಿಲೋಮೀಟರ್ ಓಡಿದೆ. ಮೊದಲು ಲೀಟರಿಗೆ 16 ಕೊಡುತ್ತಿತ್ತು, ಈಗ 11ಕ್ಕೆ ಬಂದು ನಿಂತಿದೆ. ಎಂಜಿನ್ ಲೈಟ್ ಏನೂ ಹತ್ತಿಲ್ಲ. ಮೆಕ್ಯಾನಿಕ್ ‘ಆಕ್ಸಿಜನ್ ಸೆನ್ಸರ್ ವೀಕ್ ಆಗಿದೆ, ಎರಡನ್ನೂ ಹಾಕಿಬಿಡೋಣ, ಒಂಬತ್ತು ಸಾವಿರ ಆಗುತ್ತೆ’ ಅಂತಿದ್ದಾರೆ. ಹಾಕಿಸಲಾ?
ದಾವಣಗೆರೆಯ ಓದುಗರು

ಉತ್ತರ: ಎರಡನ್ನೂ ಹಾಕಿಸಬೇಡಿ. ಒಂದನ್ನು ಹಾಕಿಸಬೇಕಾಗಿ ಬರಬಹುದು, ಆದರೆ ಅದು ಇವತ್ತಿನ ಕೆಲಸವಲ್ಲ. ಮೊದಲು ಬಗ್ಗಿ ಎಣಿಸಿ ನೋಡಿ. ಆ ಕಾಲದ ಸಣ್ಣ ಕಾರುಗಳಲ್ಲಿ ಇರುವುದೇ ಒಂದು ಆಕ್ಸಿಜನ್ ಸೆನ್ಸರ್ ಆಗಿರುವುದೂ ಉಂಟು! ಎರಡಿದ್ದರೂ ಪೆಟ್ರೋಲಿನ ಲೆಕ್ಕ ನೋಡಿಕೊಳ್ಳುವುದು ಎಂಜಿನ್ ಪಕ್ಕದಲ್ಲಿರುವ ಮೊದಲನೆಯದು. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ಅದರ ಆಚೆಗಿರುವ ಎರಡನೆಯದಕ್ಕೆ ವಾಚ್‌ಮನ್ ಕೆಲಸ. ಕನ್ವರ್ಟರ್ ಸರಿಯಾಗಿ ದುಡಿಯುತ್ತಿದೆಯಾ ಅಂತ ಕಾಯುತ್ತಿರುತ್ತದೆ, ಅಷ್ಟೆ. ಅದನ್ನು ಬದಲಿಸಿ ಮೈಲೇಜ್ ಜಾಸ್ತಿ ಆಗುವುದು ಬಲು ಅಪರೂಪ.

ಮೊದಲನೆಯದರ ಕೆಲಸ ಏನು ಅಂತ ಗೊತ್ತಾದರೆ ಉಳಿದದ್ದು ಸುಲಭ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಸೆನ್ಸರ್ ಹೊಗೆ ಹೋಗುವ ಪೈಪಿನಲ್ಲಿ ಮೂಗು ತೂರಿಸಿ ಕೂತಿರುತ್ತದೆ. ಉರಿದ ಮೇಲೆ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್ ಆಸುಪಾಸು ತೋರಿಸುತ್ತದೆ, ಅಂದರೆ ಪೆಟ್ರೋಲ್ ಕಡಿಮೆಯಾಯಿತು. ಉಳಿಯದಿದ್ದರೆ 0.9ರ ಹತ್ತಿರ, ಅಂದರೆ ಜಾಸ್ತಿಯಾಯಿತು. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಇದನ್ನು ಕೇಳಿಕೊಂಡು ಪೆಟ್ರೋಲನ್ನು ಚೂರು ಏರಿಸಿ ಚೂರು ಇಳಿಸುತ್ತಲೇ ಇರುತ್ತದೆ. ದೋಸೆ ಹಂಚಿನ ಮುಂದೆ ನಿಂತವರು ಉರಿ ಏರಿಸಿ ಇಳಿಸುವ ಹಾಗೆ. ಇದು ಮೊದಲು ರಸ್ತೆಗೆ ಬಂದದ್ದು 1976ರಲ್ಲಿ, ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೋ ಕಾರುಗಳಲ್ಲಿ. ಅವತ್ತಿನ ಉದ್ದೇಶ ಮೈಲೇಜ್ ಅಲ್ಲ, ಕ್ಯಾಲಿಫೋರ್ನಿಯಾದ ಹೊಗೆ ಕಾನೂನು.

ಸೆನ್ಸರ್‌ಗೂ ವಯಸ್ಸಾಗುತ್ತದೆ. ಒಳಗೆ ಹೀಟರ್ ಇರುವ ಈಗಿನ ಸೆನ್ಸರ್‌ಗಳು ಸುಮಾರು ಒಂದೂವರೆ ಲಕ್ಷ ಕಿಲೋಮೀಟರ್ ಬಾಳುತ್ತವೆ. ಹೀಟರ್ ಇಲ್ಲದ ಹಳೆಯವು ಅದರ ಅರ್ಧಕ್ಕೇ ಸುಸ್ತಾಗುತ್ತವೆ. ಸಾಯುವುದೂ ಒಂದೇ ಏಟಿಗೆ ಅಲ್ಲ. ಮಸಿ ಹಿಡಿದು ನಿಧಾನವಾಗುತ್ತದೆ, ವರದಿ ತಡವಾಗುತ್ತದೆ. ಇಲ್ಲವೇ ಹೀಟರ್ ಸುಟ್ಟುಹೋಗುತ್ತದೆ. ಸೆನ್ಸರ್ ಕೆಲಸ ಮಾಡಲು ಸುಮಾರು 300 ಡಿಗ್ರಿ ಶಾಖ ಬೇಕು. ಹೀಟರ್ ಸತ್ತರೆ ಬರೀ ಹೊಗೆಯಿಂದಲೇ ಬಿಸಿಯಾಗಬೇಕು. ಅಲ್ಲಿಯವರೆಗೆ ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ, ಅದೂ ಧಾರಾಳವಾಗಿ. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುವವರಿಗೆ ಇದರ ಪೆಟ್ಟು ಜಾಸ್ತಿ.

ಹಾಗಾದರೆ ಮೆಕ್ಯಾನಿಕ್ ಹೇಳಿದ್ದು ಸರಿಯೇ ಇರಬಹುದು, ಅಲ್ವಾ? ಇರಬಹುದು. ಕೆಟ್ಟ ಆಕ್ಸಿಜನ್ ಸೆನ್ಸರ್ ಸರಿಮಾಡಿದರೆ ಮೈಲೇಜ್ ಶೇ 40ರವರೆಗೆ ಹೆಚ್ಚಬಹುದು ಅಂತ ಅಮೆರಿಕದ ಸರ್ಕಾರಿ ಮೈಲೇಜ್ ಮಾಹಿತಿಯೇ ಹೇಳುತ್ತದೆ. ಸೆನ್ಸರ್ ಮಾರುವವರೆಲ್ಲ ಹಿಡಿದುಕೊಂಡಿರುವುದು ಇದೇ ಸಂಖ್ಯೆಯನ್ನು. ಆದರೆ ‘ವರೆಗೆ’ ಅನ್ನುವ ಪದವನ್ನು ಗಮನಿಸಿ. ಅದು ಪೂರ್ತಿ ಕೆಟ್ಟ ಸೆನ್ಸರ್‌ನ ಮಾತು. ಕೆಟ್ಟಿರದ ಸೆನ್ಸರ್ ಬದಲಿಸಿದರೆ ಸಿಗುವ ಲಾಭ ಸೊನ್ನೆ.

ನಿಮ್ಮ ಲೆಕ್ಕಕ್ಕೆ ಬರೋಣ. 16ರಿಂದ 11 ಅಂದರೆ ಐದು ಕಿಲೋಮೀಟರ್ ನಷ್ಟ. ಅದರಲ್ಲಿ ಸುಮಾರು ಒಂದು ಬಂಕಿನಲ್ಲೇ ಹೋಗಿದೆ. ಈಗ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇ 6-7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಬರೆದಿತ್ತು. ಇದನ್ನು ಯಾವ ಸೆನ್ಸರ್ ಕೂಡ ವಾಪಸ್ ತಂದುಕೊಡುವುದಿಲ್ಲ. ಉಳಿದ ನಾಲ್ಕು ಎಲ್ಲಿ ಹೋಯಿತು ಅಂತ ಹುಡುಕಬೇಕು.

ನಾನಾದರೆ ಹುಡುಕಾಟವನ್ನು ಥರ್ಮೋಸ್ಟಾಟ್‌ನಿಂದ ಶುರುಮಾಡುತ್ತೇನೆ. ಯಾಕೆ ಅಂದರೆ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಬೇಸಿಗೆಯಲ್ಲಿ ನನ್ನ ಕಾರು ಕಾದುಹೋಯಿತು. ಗ್ಯಾರೇಜಿನವರು ರೇಡಿಯೇಟರ್ ತೊಳೆದು, ಥರ್ಮೋಸ್ಟಾಟನ್ನು ಕಿತ್ತು ಕೈಗೆ ಕೊಟ್ಟರು. ‘ಇದೆಲ್ಲ ಚಳಿ ದೇಶದವರಿಗೆ ಸಾರ್, ನಮಗೆ ಬೇಡ’ ಅಂದರು. ನಾನೂ ತಲೆ ಆಡಿಸಿದೆ. ಕಾರು ಮತ್ತೆ ಕಾಯಲಿಲ್ಲ ನಿಜ. ಆದರೆ ಬೆಚ್ಚಗೂ ಆಗಲಿಲ್ಲ. ಆಮೇಲೆ ಎರಡು ವರ್ಷ ಕಳಪೆ ಪೆಟ್ರೋಲ್ ಅಂತ ಸುಮ್ನೆ ಬಂಕಿನವರನ್ನು ಬೈದುಕೊಂಡು ಓಡಾಡಿದೆ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ತಂಪು ಮಾಡುವ ದ್ರವದ, ಅಂದರೆ ಕೂಲೆಂಟ್‌ನ, ದಾರಿಯಲ್ಲಿರುವ ಪುಟ್ಟ ಬಾಗಿಲು. ಎಂಜಿನ್ ಸುಮಾರು 82ರಿಂದ 88 ಡಿಗ್ರಿ ಮುಟ್ಟುವವರೆಗೆ ಮುಚ್ಚಿಕೊಂಡಿದ್ದು, ಆಮೇಲೆ ತೆರೆದುಕೊಳ್ಳುತ್ತದೆ. ಬಾಗಿಲೇ ಇಲ್ಲದಿದ್ದರೆ, ಅಥವಾ ತೆರೆದು ಜಾಮ್ ಆಗಿದ್ದರೆ, ಹೈವೇಯಲ್ಲಿ ಗಾಳಿಗೆ ಎಂಜಿನ್ 60-65 ಡಿಗ್ರಿಯಲ್ಲೇ ಓಡುತ್ತಿರುತ್ತದೆ. ಕೂಲೆಂಟ್ ಸೆನ್ಸರ್ ‘ಇನ್ನೂ ತಣ್ಣಗಿದೆ’ ಅಂತ ನಿಜವನ್ನೇ ವರದಿ ಮಾಡುತ್ತದೆ. ಇಸಿಯು ಬೆಳಗಿನ ಚಳಿಗೆ ಕೊಡುವ ಹಾಗೆ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ನೀವು ಕೂಲೆಂಟ್ ಸೆನ್ಸರ್ ಬದಲಿಸುತ್ತೀರಿ. ಹೊಸದೂ ಅದೇ ನಿಜವನ್ನು ಹೇಳುತ್ತದೆ!

ಕೂಲೆಂಟ್ ಸೆನ್ಸರ್ರೇ ಸುಳ್ಳು ಹೇಳುವುದೂ ಇದೆ. ಅದನ್ನು ಮನೆಯಲ್ಲೇ ಮಲ್ಟಿಮೀಟರ್ ಇಟ್ಟು ನೋಡಬಹುದು. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯಬೇಕು. ಬೆಳಿಗ್ಗೆ ತಣ್ಣಗಿರುವಾಗ ಸಾಮಾನ್ಯವಾಗಿ ಎರಡು ಮೂರು ಸಾವಿರ ಓಮ್, ಎಂಜಿನ್ ಪೂರ್ತಿ ಕಾದಾಗ ಮುನ್ನೂರರ ಆಸುಪಾಸು. ಬಿಸಿ ಎಂಜಿನ್ನಿನಲ್ಲೂ ಸಾವಿರದ ಮೇಲೆ ತೋರಿಸಿದರೆ ಅದನ್ನು ಬದಲಿಸಿ. ಆಕ್ಸಿಜನ್ ಸೆನ್ಸರ್‌ಗೆ ಹೋಲಿಸಿದರೆ ಬೆಲೆ ತೀರಾ ಕಡಿಮೆ. ಇಷ್ಟು ಅಗ್ಗದ್ದು ಅಂತಲೋ ಏನೋ, ಯಾರೂ ಅದರ ಹೆಸರೇ ಎತ್ತುವುದಿಲ್ಲ.

ಇನ್ನು ಆಕ್ಸಿಜನ್ ಸೆನ್ಸರ್ ವಿಚಾರಣೆ. ‘ವೀಕ್ ಆಗಿದೆ’ ಅಂದರೆ ಸಾಲದು, ಸ್ಕ್ಯಾನರ್ ಹಾಕಿ ತೋರಿಸಿ ಅನ್ನಿ. ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಚುಚ್ಚುವ ಬ್ಲೂಟೂತ್ ಓಬಿಡಿ (ಕಾರು ತನ್ನ ದೋಷವನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆ) ರೀಡರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಫೋನಿನಲ್ಲೇ ನೋಡಬಹುದು. ಒಂದು ತೊಡಕಿದೆ. ಹೊಗೆಗೆ ಮಿತಿ ಹಾಕುವ ಬಿಎಸ್4 ನಿಯಮ ಬೆಂಗಳೂರಿಗೆ 2010ರ ಏಪ್ರಿಲ್‌ನಲ್ಲಿ ಬಂತು, ಆದರೆ ದೇಶಕ್ಕೆಲ್ಲ ಬಂದದ್ದು 2017ರಲ್ಲಿ. ಓಬಿಡಿ ಎರಡನೇ ಹಂತ ಕಡ್ಡಾಯವಾದದ್ದು 2013ರಿಂದ. ನಿಮ್ಮದು ದಾವಣಗೆರೆಯಲ್ಲಿ ಕೊಂಡ ಬಿಎಸ್3 ಕಾರಾಗಿದ್ದರೆ ಈ ಅಗ್ಗದ ರೀಡರ್ ಜೊತೆ ಅದು ಮಾತೇ ಆಡದಿರಬಹುದು. ಆಗ ಕಂಪನಿ ಸ್ಕ್ಯಾನರ್ ಇರುವ ಗ್ಯಾರೇಜೇ ಗತಿ. ಲೈಟ್ ಹತ್ತಿಲ್ಲ ಅಂತ ನೆಮ್ಮದಿಯಾಗಿರಬೇಡಿ. ಈ ವಯಸ್ಸಿನ ಕಾರುಗಳಲ್ಲಿ ಸೆನ್ಸರ್ ನಿಧಾನವಾಗಿದ್ದಕ್ಕೆಲ್ಲ ಲೈಟ್ ಹತ್ತುವುದಿಲ್ಲ. ವೈರ್ ಕಡಿದರೆ ಹತ್ತುತ್ತದೆ.

ಎಂಜಿನ್ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ಮೊದಲನೇ ಸೆನ್ಸರ್‌ನ ವೋಲ್ಟೇಜ್ ನೋಡಿ. 0.1 ಮತ್ತು 0.9ರ ನಡುವೆ ಚುರುಕಾಗಿ ಉಯ್ಯಾಲೆ ಆಡಬೇಕು, ಸೆಕೆಂಡಿಗೆ ಒಂದು ಸಲವಾದರೂ. ತೂಕಡಿಸಿದ ಹಾಗೆ ಏರಿಳಿದರೆ, ಅಥವಾ 0.45ರಲ್ಲೇ ಕೂತಿದ್ದರೆ ಮೆಕ್ಯಾನಿಕ್ ಗೆದ್ದರು. ಪಿ0135 ಅಂತ ಕೋಡ್ ಬಂದರೆ ತಪ್ಪು ಹೀಟರ್ ಕಡೆಯದು. ಆದರೆ ಸೆನ್ಸರ್ ಕೊಳ್ಳುವ ಮೊದಲು ಅದರ ಫ್ಯೂಸ್ ನೋಡಿ.

ಪಕ್ಕದಲ್ಲೇ ಫ್ಯೂಯೆಲ್ ಟ್ರಿಮ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಇಸಿಯು ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚಿಗೆ ಹಾಕುತ್ತಿದೆ ಅಥವಾ ಕಡಿತ ಮಾಡುತ್ತಿದೆ ಅಂತ ಅದು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಸ್ಕ್ಯಾನರ್‌ನಲ್ಲಿ ಬೆಲೆಬಾಳುವ ಸಂಖ್ಯೆ ಇದೇ. ಪ್ಲಸ್ 5, ಮೈನಸ್ 5ರ ಒಳಗಿದ್ದರೆ ಚಿಂತೆಯಿಲ್ಲ. 10 ದಾಟಿದರೆ ಏನೋ ಇದೆ. ಪ್ಲಸ್ 15 ಇದೆ ಅನ್ನಿ. ಸೆನ್ಸರ್ ‘ಪೆಟ್ರೋಲ್ ಸಾಲದು’ ಅನ್ನುತ್ತಿದೆ. ಈಗ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕಪ್ಪು ಮಸಿ ಹಿಡಿದಿದ್ದು, ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆಯೂ ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಪ್ಲಗ್ ಬಿಳಿಚಿಕೊಂಡಿದ್ದರೆ ಸೆನ್ಸರ್ ನಿಜ ಹೇಳುತ್ತಿದೆ. ಎಲ್ಲೋ ಹೋಸ್ ಬಿರುಕುಬಿಟ್ಟು ಗಾಳಿ ಒಳಗೆ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಪಂಪಿನ ಒತ್ತಡ ಕುಸಿದಿದೆ. ಮೈನಸ್ 15 ಇದ್ದರೂ ಹಾಗೇ. ಜಾಸ್ತಿ ಪೆಟ್ರೋಲ್ ಬರುತ್ತಿದೆ ಅಂತ ಸೆನ್ಸರ್ ಕೂಗಿಕೊಳ್ಳುತ್ತಿದೆ, ಸೋರುವ ಇಂಜೆಕ್ಟರ್ ಇರಬಹುದು. ಕೂಗಿದವನನ್ನೇ ಕೆಲಸದಿಂದ ತೆಗೆದರೆ ಹೇಗೆ?

ಇಲ್ಲಿ ಮತ್ತೆ ಇ20 ನೆನಪಿಟ್ಟುಕೊಳ್ಳಿ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇ20 ಉರಿಯಲು 14.7ರ ಬದಲು ಸುಮಾರು 13.5 ಕಿಲೋ ಗಾಳಿ ಸಾಕು. ಹಳೇ ಇಸಿಯುಗೆ ಈ ಸುದ್ದಿ ಗೊತ್ತಿಲ್ಲ. ಸೆನ್ಸರ್ ಹೇಳಿದ ಮೇಲೆ ಅದು ಪೆಟ್ರೋಲ್ ಏರಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕಾರಿನಲ್ಲಿ ಪ್ಲಸ್ 5ರಿಂದ ಪ್ಲಸ್ 8 ಕಂಡರೆ ಅದು ರೋಗವಲ್ಲ. ಸೆನ್ಸರ್ ಸರಿಯಾಗಿ ದುಡಿಯುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಅದನ್ನೇ ತೋರಿಸಿ ‘ನೋಡಿ ಸಾರ್, ವೀಕ್’ ಅಂದರೆ ಒಪ್ಪಬೇಡಿ.

ಸ್ಕ್ಯಾನರ್ ಸಿಗದಿದ್ದರೆ ಗ್ಲೋವ್ ಬಾಕ್ಸ್ ತೆಗೆಯಿರಿ. ಹಳೆಯ ಎಮಿಷನ್ ಟೆಸ್ಟ್ ಚೀಟಿಗಳು ಅಲ್ಲೇ ಬಿದ್ದಿರುತ್ತವೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟು ಅಂತ ಇರುತ್ತದೆ. ಪೆಟ್ರೋಲ್ ಅರೆಬರೆ ಉರಿದಾಗ ಏರುವುದು ಇದೇ. ಮೂರು ನಾಲ್ಕು ವರ್ಷದ ಚೀಟಿ ಸಾಲಾಗಿ ಇಟ್ಟು ನೋಡಿ. 0.05 ಇದ್ದದ್ದು ಮೆಲ್ಲಗೆ 0.3, 0.4 ಕಡೆಗೆ ಹತ್ತಿದ್ದರೆ, ಪಾಸ್ ಅಂತಲೇ ಬರೆದಿದ್ದರೂ, ಎಂಜಿನ್ ಜಾಸ್ತಿ ಕುಡಿಯುತ್ತಿದೆ ಅಂತಲೇ ಅರ್ಥ. ಟೆಸ್ಟ್ ನಿಜವಾಗಿ ಮಾಡಿಸಿದ್ದರೆ ಮಾತ್ರ, ಅದು ಬೇರೆ ಮಾತು.

ಇನ್ನೊಂದು ಮೋಸ ಎಕ್ಸಾಸ್ಟ್ ಪೈಪಿನದು. ಸೆನ್ಸರ್‌ಗಿಂತ ಮುಂಚೆ ಪೈಪ್ ಅಥವಾ ಗ್ಯಾಸ್ಕೆಟ್ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಅದನ್ನೇ ಮೂಸಿ, ಆಮ್ಲಜನಕ ಉಳಿದಿದೆ ಅನ್ನುತ್ತದೆ. ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಕೆಳಗಿಂದ ಟಕಟಕ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಇದರ ಮೇಲೆ ಅನುಮಾನ ಇಡಿ.

ಗಾಳಿ ಅಳೆಯುವ ಸೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಅದರ ಹೋಸ್ ಅಥವಾ ರಬ್ಬರ್ ಸೀಲ್ ಸೀಳಿದೆಯಾ ನೋಡಿ, ಸಾಕು. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಬರುತ್ತೆ ಅನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಕಾರಿನಲ್ಲಿ ಅದರಿಂದ ಪಿಕಪ್ ಸುಧಾರಿಸುತ್ತದೆ, ಮೈಲೇಜ್ ಅಷ್ಟೇನೂ ಅಲ್ಲ.

ಇದೆಲ್ಲಕ್ಕಿಂತ ಮುಂಚೆ ಕಾಸು ಖರ್ಚಿಲ್ಲದ ಒಂದು ಕೆಲಸ ಇದೆ. ಹದಿನೈದು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಹದಿಮೂರು ಹದಿನಾಲ್ಕು ವರ್ಷದ ಕಾರಿನಲ್ಲಿ ಇದು ಮಾಮೂಲು. ಟೈರ್ ಗಾಳಿ ಹತ್ತು ಪಿಎಸ್‌ಐ ಕಡಿಮೆ ಇದ್ದರೆ ಅಲ್ಲೇ ಶೇ 2 ಹೋಯಿತು.

ಇಷ್ಟಾದ ಮೇಲೂ ಸೆನ್ಸರ್ರೇ ಕಳ್ಳ ಅಂತ ಸಾಬೀತಾದರೆ ಖಂಡಿತ ಹಾಕಿಸಿ, ಮೊದಲನೆಯದನ್ನು ಮಾತ್ರ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಳ್ಳಿ. 11ರಿಂದ 14ಕ್ಕೆ ಏರಿದರೆ ವರ್ಷಕ್ಕೆ 195 ಲೀಟರ್, ಅಂದರೆ 19,500 ರೂಪಾಯಿ ಉಳಿಯುತ್ತದೆ. ಬರೀ 12ಕ್ಕೆ ಏರಿದರೂ 7,600. ಕಂಪನಿ ಸ್ಪೇರ್, ಇಲ್ಲವೇ ಸೆನ್ಸರ್ ಮಾಡಿಯೇ ಹೆಸರಾದ ಬಾಷ್, ಡೆನ್ಸೊ, ಎನ್‌ಟಿಕೆ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತರುವುದಾದರೆ ಹಳೆಯದರ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಬಿಲ್ ಕೇಳಿ. ನಕಲಿ ಡಬ್ಬಿಗಳು ಅಸಲಿಗಿಂತ ಚೆನ್ನಾಗಿರುತ್ತವೆ. ಹಾಕಿದ ಮೇಲೆ ಇಸಿಯು ನೆನಪನ್ನು ಸ್ಕ್ಯಾನರ್‌ನಿಂದ ಅಳಿಸಲು ಹೇಳಿ. ಒಂದೇ ಬಂಕು, ಆಟೋ ಕಟ್‌ವರೆಗೆ ಫುಲ್ ಟ್ಯಾಂಕು, ಹೀಗೆ ಮೂರು ಸಲ ಅಳೆದ ಮೇಲೆ ಮೈಲೇಜ್ ಹೇಳಿ.

ಹಳೆಯ ಸೆನ್ಸರನ್ನು ಗುಜರಿಗೆ ಹಾಕಲು ಬಿಡದೆ ಕೈಯಲ್ಲಿ ಹಿಡಿದು ನೋಡಿ. ತುದಿ ತಿಳಿ ಬೂದು ಬಣ್ಣ ಇದ್ದರೆ ವಯಸ್ಸಾಗಿ ಹೋಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಪುಡಿ ಕೂತಿದ್ದರೆ ಒಳಗೆ ಕೂಲೆಂಟ್ ಸೋರುತ್ತಿರಬಹುದು, ಅಥವಾ ಯಾರೋ ಹಿಂದೆ ಸಿಲಿಕೋನ್ ಪೇಸ್ಟ್ ಧಾರಾಳವಾಗಿ ಮೆತ್ತಿರಬಹುದು. ಹಾಗಿದ್ದರೆ ಗ್ಯಾರೇಜಿನಿಂದ ಕಾರು ಹೊರಗೆ ತೆಗೆಯುವ ಮೊದಲೇ ಅದನ್ನು ಮೆಕ್ಯಾನಿಕ್‌ಗೆ ತೋರಿಸಿ. ಕೂಲೆಂಟ್ ಸೋರಿಕೆ ನಿಲ್ಲಿಸದಿದ್ದರೆ ಹೊಸ ಸೆನ್ಸರ್ ತುದಿಗೂ ಇದೇ ಪುಡಿ ಕೂರುತ್ತದೆ.