ಪದ ಪರಿಚಯ: ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳು

ಕುಷ್ಠ, ಆನೆಕಾಲು, ಡೆಂಗಿ, ರೇಬಿಸ್, ಕಜ್ಜಿ, ಹಾವಿನ ಕಡಿತ. ಇವನ್ನೆಲ್ಲ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಪಟ್ಟಿಯಲ್ಲಿ ಇಟ್ಟಿದೆ. ಅದರ ಹೆಸರೇ ‘ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳು’. ಕೆಲವು ವೈರಸ್‌ನಿಂದ ಬರುತ್ತವೆ, ಕೆಲವು ಹುಳುಗಳಿಂದ. ಹಾವಿನ ಕಡಿತವಂತೂ ಅಂಟುರೋಗವೇ ಅಲ್ಲ. ಹಾಗಾದರೆ ಇವಕ್ಕೆಲ್ಲ ಇರುವ ನಂಟೇನು? ರೋಗಿಗಳ ಬಡತನ. ಜಗತ್ತಿನಲ್ಲಿ ನೂರು ಕೋಟಿಗೂ ಜಾಸ್ತಿ ಜನ ಇವುಗಳಿಂದ ನರಳುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಬಡವರು.

ಹಾವಿನ ಕಡಿತವನ್ನೇ ನೋಡಿ. ಅದು ಈ ಪಟ್ಟಿಗೆ ಸೇರಿದ್ದು 2017ರಲ್ಲಿ. ಕಡಿಸಿಕೊಳ್ಳುವವರು ಯಾರು? ಬರಿಗಾಲಲ್ಲಿ ಗದ್ದೆಗೆ ಇಳಿಯುವವರು, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಎದ್ದು ಹೋಗುವವರು, ನೆಲದ ಮೇಲೆ ಮಲಗುವವರು. ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಸಾಯುತ್ತಾರೆಂದು ಅಂದಾಜು. ಬದುಕಿ ಉಳಿದರೂ ಕೈಕಾಲು ಕಳೆದುಕೊಳ್ಳುವವರು, ಶಾಶ್ವತವಾಗಿ ಅಂಗವಿಕಲರಾಗುವವರು ಇನ್ನೂ ಹೆಚ್ಚು.

ಭಾರತದಲ್ಲಿ ಎಷ್ಟು ಸಾವು ಎಂಬುದೇ ಬಹಳ ಕಾಲ ಸರಿಯಾಗಿ ತಿಳಿದಿರಲಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಇದ್ದದ್ದು ತೀರಾ ಕಡಿಮೆ. ಏಕೆಂದರೆ ಹೆಚ್ಚಿನವರು ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಮನೆ ಮನೆಗೆ ಹೋಗಿ ಸಾವಿನ ಕಾರಣ ಕೇಳಿ ಬರೆದುಕೊಂಡಾಗ ಬೇರೆಯೇ ಚಿತ್ರ ಸಿಕ್ಕಿತು. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಸಾವು, ವರ್ಷಕ್ಕೆ ಸರಾಸರಿ 58,000! ಇಷ್ಟು ಜನ ನಗರಗಳಲ್ಲಿ ಸತ್ತಿದ್ದರೆ ಲೆಕ್ಕ ತಪ್ಪುತ್ತಿತ್ತೇ?

ನಿರ್ಲಕ್ಷ್ಯದ ಇನ್ನೊಂದು ಮುಖ ಔಷಧದ ಮಾರುಕಟ್ಟೆ. ಫ್ರಾನ್ಸಿನ ಸನೋಫಿ ಕಂಪನಿ ಆಫ್ರಿಕಾದ ಹಾವುಗಳ ವಿಷಕ್ಕೆಂದು ‘ಫ್ಯಾವ್-ಆಫ್ರಿಕ್’ ಎಂಬ ಔಷಧ ಮಾಡುತ್ತಿತ್ತು. ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆದರೆ ಲಾಭ ಬರುತ್ತಿರಲಿಲ್ಲ. 2014ರಲ್ಲಿ ತಯಾರಿಕೆ ನಿಂತಿತು. ಕೊನೆಯ ದಾಸ್ತಾನಿನ ಅವಧಿ 2016ರ ಜೂನ್‌ಗೆ ಮುಗಿಯಿತು.

ಮನಸ್ಸು ಮಾಡಿದರೆ ಇಂಥ ಕಾಯಿಲೆಗಳನ್ನು ಹಿಮ್ಮೆಟ್ಟಿಸಬಹುದು. ನಾರುಹುಣ್ಣು ಕುಡಿಯುವ ನೀರಿನಿಂದ ಮೈಸೇರಿ, ಕಾಲಿನ ಹುಣ್ಣಿನಿಂದ ಹೊರಬಂದು ನೀರಿಗೆ ಮರಿ ಬಿಡುವ ಹುಳುವಿನ ಕಾಯಿಲೆ. ಅದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು, ಜನ ಇಳಿಯುವ ಮೆಟ್ಟಿಲುಬಾವಿಗಳ ಬದಲು ಬೋರ್‌ವೆಲ್ ಕೊಡುವುದು, ರೋಗಿ ನೀರಿಗೆ ಕಾಲಿಡದಂತೆ ನೋಡಿಕೊಳ್ಳುವುದು, ಮುಖ್ಯವಾಗಿ ಇಂಥ ಕ್ರಮಗಳಿಂದಲೇ ಭಾರತ ಅದನ್ನು ಹೋಗಲಾಡಿಸಿತು; ದೇಶ ಅದರಿಂದ ಮುಕ್ತ ಎಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹಿಂದೆ ಕರ್ನಾಟಕದ ಊರುಗಳಲ್ಲೂ ಅದು ಇತ್ತು.

ಹಾವಿನ ಕಡಿತದಲ್ಲೂ ನಮ್ಮ ರಾಜ್ಯ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2024ರ ಫೆಬ್ರವರಿಯಲ್ಲಿ ಇದನ್ನು ‘ಅಧಿಸೂಚಿತ ಕಾಯಿಲೆ’ ಎಂದು ಘೋಷಿಸಲಾಯಿತು. ಖಾಸಗಿ ಆಸ್ಪತ್ರೆ ಕೂಡ ಪ್ರತಿ ಕಡಿತ, ಪ್ರತಿ ಸಾವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಯಾವ ತಾಲ್ಲೂಕಿನಲ್ಲಿ ಕಡಿತ ಜಾಸ್ತಿ ಅಂತ ಗೊತ್ತಾದರೆ ಆ್ಯಂಟಿವೆನಂ (ಹಾವಿನ ವಿಷಕ್ಕೆ ಕೊಡುವ ಔಷಧ) ಎಲ್ಲಿ ಇಡಬೇಕು ಎಂದೂ ಗೊತ್ತಾಗುತ್ತದೆ. ಅದು ಜಿಲ್ಲಾ ಕೇಂದ್ರದಲ್ಲಿದ್ದರೆ ಸಾಲದು, ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕು, ಕೊಡಲು ಗೊತ್ತಿರುವ ವೈದ್ಯರ ಜೊತೆಗೆ.