ಸೋಮವಾರ ಬೆಳಿಗ್ಗೆ ಅಮ್ಮನ ಮನೆ ಬಾಗಿಲಿಗೆ ಯಾರು ಬರುತ್ತಾರೆ?

ಆಸ್ಟ್ರೇಲಿಯಾದಲ್ಲಿ ಅಪ್ಪ ಅಮ್ಮನನ್ನು ಜೊತೆಗಿಟ್ಟುಕೊಂಡಿರುವ ಕನ್ನಡದ ಮನೆಗಳಿಂದ ಈಗ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಅಮ್ಮನಿಗೆ ಸಪೋರ್ಟ್ ಅಟ್ ಹೋಮ್ ಸ್ಯಾಂಕ್ಷನ್ ಆಗಿದೆ. ಲಿಸ್ಟ್ ನೋಡಿದ್ರೆ ನೂರಾರು ಕಂಪನಿ ಇದಾವೆ. ಯಾವುದು ಒಳ್ಳೇದು ಹೇಳಿ." ಸಪೋರ್ಟ್ ಅಟ್ ಹೋಮ್ ಅಂದರೆ ವಯಸ್ಸಾದವರು ತಮ್ಮ ಮನೆಯಲ್ಲೇ ಇದ್ದು ಸಹಾಯ ಪಡೆಯಲು ಸರ್ಕಾರ ದುಡ್ಡು ಕೊಡುವ ಯೋಜನೆ. ವಯಸ್ಸಾದವರ ಆರೈಕೆಯನ್ನು ಹೊಂದಿಸಿ ಕೊಡುವುದೇ ನನ್ನ ಕೆಲಸ. ಆದರೂ ಈ ಪ್ರಶ್ನೆಗೆ ಕಂಪನಿಯ ಹೆಸರು ಹೇಳುವುದಿಲ್ಲ. ಒಂದು ಬಡಾವಣೆಯಲ್ಲಿ ಚೆನ್ನಾಗಿ ನಡೆಸುವ ಕಂಪನಿಗೆ ಇಪ್ಪತ್ತು ಕಿಲೋಮೀಟರ್ ಆಚೆ ಕೆಲಸದವರೇ ಸಿಗದೆ ಇರಬಹುದು. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಸೋಮವಾರ ಬೆಳಿಗ್ಗೆ ಅಮ್ಮನ ಬಾಗಿಲಿಗೆ ಯಾರು ಬರುತ್ತಾರೆ? ಅವರು ಬಾರದೆ ಹೋದರೆ ನಿಮಗೆ ಯಾರು ಫೋನ್ ಮಾಡುತ್ತಾರೆ? ಇದಕ್ಕೆ ನೇರವಾಗಿ ಉತ್ತರ ಕೊಡುವ ಕಂಪನಿ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಮೊದಲು ವ್ಯವಸ್ಥೆಯ ಬಗ್ಗೆ ಸ್ವಲ್ಪ. 2025ರ ನವೆಂಬರ್ 1ರಿಂದ ಹಳೆಯ ಹೋಮ್ ಕೇರ್ ಪ್ಯಾಕೇಜ್ ಹೋಗಿ ಸಪೋರ್ಟ್ ಅಟ್ ಹೋಮ್ ಬಂತು. ಅದೇ ದಿನ ಹೊಸ ಏಜ್ಡ್ ಕೇರ್ ಕಾಯ್ದೆಯೂ ಜಾರಿಯಾಯಿತು. ಅಗತ್ಯಕ್ಕೆ ತಕ್ಕಂತೆ ಮೊದಲು ನಾಲ್ಕು ಹಂತ ಇದ್ದವು, ಈಗ ಎಂಟು. ಶುರುವಾದಾಗಿನ ದರದಲ್ಲಿ ಮೊದಲ ಹಂತಕ್ಕೆ ವರ್ಷಕ್ಕೆ ಸುಮಾರು 10,700 ಡಾಲರ್, ಎಂಟನೇ ಹಂತಕ್ಕೆ ಸುಮಾರು 78,000 ಡಾಲರ್. ಈ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಅಮ್ಮನ ಹೆಸರಿನ ಬಜೆಟ್‌ಗೆ ಜಮೆಯಾಗುತ್ತದೆ, ಕಂಪನಿ ಅದರಿಂದ ಖರ್ಚು ಮಾಡುತ್ತದೆ. ಶುರುವಿನಲ್ಲಿ ಕೆಲವರಿಗೆ ಪೂರ್ತಿ ಸಿಗದೆ ಬಜೆಟ್‌ನ 60 ಶೇಕಡಾ ಮಾತ್ರ ಸಿಗುವುದೂ ಉಂಟು. ಮಂಜೂರಾತಿ ಪತ್ರ ಬಂದ ಮೇಲೆ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳಲು 56 ದಿನ ಇರುತ್ತದೆ. ಕೇಳಿಕೊಂಡರೆ ಇನ್ನೂ 28 ದಿನ ಕೊಡುತ್ತಾರೆ. ಅಷ್ಟು ಸಮಯ ಇದ್ದರೂ ನಮ್ಮವರು ಮೊದಲು ಫೋನ್ ಎತ್ತಿದ ಕಂಪನಿಗೆ ಅದೇ ವಾರ ಸಹಿ ಹಾಕಿಬಿಡುತ್ತಾರೆ. ಯಾಕೋ ಗೊತ್ತಿಲ್ಲ. ಮದುವೆ ಛತ್ರ ನೋಡಲು ಇದಕ್ಕಿಂತ ಜಾಸ್ತಿ ಓಡಾಡುತ್ತೇವೆ, ಅಲ್ವಾ?

ಇನ್ನು ದರ. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಅಮ್ಮನಿಗೆ ನಾಲ್ಕನೇ ಹಂತ ಸಿಕ್ಕಿದೆ ಎಂದುಕೊಳ್ಳೋಣ. ಶುರುವಾದಾಗಿನ ದರದಲ್ಲಿ ಮೂರು ತಿಂಗಳಿಗೆ ಸುಮಾರು 7,424 ಡಾಲರ್. ಇದರಲ್ಲಿ 10 ಶೇಕಡಾ ಕೇರ್ ಮ್ಯಾನೇಜ್‌ಮೆಂಟ್‌ಗೆ, ಅಂದರೆ ಸೇವೆಗಳನ್ನು ಹೊಂದಿಸಿ ನೋಡಿಕೊಳ್ಳುವ ಕೆಲಸಕ್ಕೆ, ಮೊದಲೇ ತೆಗೆದಿಡುತ್ತಾರೆ. ಯಾವ ಕಂಪನಿಗೆ ಹೋದರೂ ಇದು ತಪ್ಪಿದ್ದಲ್ಲ. ಉಳಿಯುವುದು 6,682. ಹದಿಮೂರು ವಾರಕ್ಕೆ ಹಂಚಿದರೆ ವಾರಕ್ಕೆ 514 ಡಾಲರ್. ನೀವು ಕೈಯಿಂದ ಕೊಡುವ ಪಾಲನ್ನು ಸದ್ಯಕ್ಕೆ ಬದಿಗಿಡೋಣ. ಗಂಟೆಗೆ 100 ಡಾಲರ್ ಹಾಕುವ ಕಂಪನಿಯಲ್ಲಿ ಅಮ್ಮನಿಗೆ ವಾರಕ್ಕೆ ಐದು ಗಂಟೆ ಸಿಗುತ್ತದೆ. 85 ಹಾಕುವ ಕಡೆ ಆರು ಗಂಟೆ. ವಾರಕ್ಕೆ ಒಂದು ಗಂಟೆ ಅಂದರೆ ಒಂದು ಸ್ನಾನ, ಇಲ್ಲವೇ ಡಾಕ್ಟರ ಹತ್ತಿರ ಒಂದು ಸಲ ಹೋಗಿಬರುವುದು.

ಆದರೆ ಗಂಟೆಯ ದರ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಒಂದು ಸಲಕ್ಕೆ ಕನಿಷ್ಠ ಎಷ್ಟು ಹೊತ್ತಿನ ಬಿಲ್ ಹಾಕುತ್ತಾರೆ ಎಂದು ಕೇಳಿ. ಅಪ್ಪನಿಗೆ ಬೇಕಿರುವುದು ಬೆಳಿಗ್ಗೆ ಅರ್ಧ ಗಂಟೆ: ಸ್ನಾನ, ಬಟ್ಟೆ, ಮಾತ್ರೆ. ಕಂಪನಿಯ ಕನಿಷ್ಠ ಎರಡು ಗಂಟೆ ಇದ್ದರೆ ಕಡಿಮೆ ದರ ಇದ್ದೂ ಪ್ರಯೋಜನವಿಲ್ಲ. ಶನಿವಾರ, ಭಾನುವಾರ, ಸಾರ್ವಜನಿಕ ರಜೆಯ ದರ ಬೇರೆ ಇರುತ್ತದೆ. ಮಕ್ಕಳು ಮನೆಯಲ್ಲಿರುವ ದಿನಗಳಲ್ಲಿ ಆ ದುಬಾರಿ ಗಂಟೆ ಯಾಕೆ ಬೇಕು? ಹಿಂದಿನ ದಿನ ಬೇಡ ಅಂದರೆ ಬಿಲ್ ಹಾಕುತ್ತಾರೋ ಇಲ್ಲವೋ ಅದನ್ನೂ ಕೇಳಿ. ವಯಸ್ಸಾದವರ ಮನೆಯಲ್ಲಿ ಬೆಳಿಗ್ಗೆ ಎದ್ದು "ಇವತ್ತು ಬೇಡಪ್ಪಾ, ಸುಸ್ತು" ಅನ್ನುವುದು ಆಗಾಗ ಇದ್ದದ್ದೇ. ಹೊಸ ವ್ಯವಸ್ಥೆಯಲ್ಲಿ ಕೆಲಸದವರು ಮನೆಗೆ ಬರುವ ಪ್ರಯಾಣದ ಖರ್ಚು, ಕಚೇರಿ ಖರ್ಚು ಎಲ್ಲ ಆ ಗಂಟೆಯ ದರದೊಳಗೇ ಸೇರಿರಬೇಕು. ಬರಲು ಬೇರೆ ದುಡ್ಡು ಕೇಳಿದರೆ "ಇದು ಯಾವ ಬಾಬ್ತು?" ಎಂದು ಕೇಳಲು ಸಂಕೋಚ ಬೇಡ. ಇನ್ನೊಂದು ಬಗೆಯ ಆಮಿಷವೂ ನಮ್ಮ ಜನರ ನಡುವೆ ಓಡಾಡುತ್ತದೆ: "ನಮ್ಮಲ್ಲಿ ಸೇರಿದರೆ ಟಿವಿ ಕೊಡಿಸುತ್ತೇವೆ." ಈ ಬಜೆಟ್‌ನಿಂದ ಟಿವಿ ಕೊಡಿಸಲು ಅವಕಾಶವಿಲ್ಲ. ಹಾಗೆ ಹೇಳುವವರು ನಾಳೆ ಲೆಕ್ಕದಲ್ಲಿ ಏನು ಬರೆಯುತ್ತಾರೆ, ಯೋಚಿಸಿ.

ನಿಮ್ಮ ಪಾಲಿನ ವಿಷಯದಲ್ಲಿ ಕನ್ನಡದ ಮನೆಗಳು ಒಂದು ಕಡೆ ಎಡವುತ್ತವೆ. ಸೇವೆಗಳನ್ನು ಮೂರು ಗುಂಪು ಮಾಡಿದ್ದಾರೆ. ನರ್ಸ್, ಫಿಸಿಯೋಥೆರಪಿಯಂಥ ಚಿಕಿತ್ಸೆಯ ಸೇವೆಗೆ ನಿಮ್ಮ ಪಾಲು ಸೊನ್ನೆ. ಸ್ನಾನ ಮಾಡಿಸುವುದು, ಹೊರಗೆ ಕರೆದೊಯ್ಯುವುದು ಮುಂತಾದವಕ್ಕೆ ಯೋಜನೆ ಶುರುವಾದಾಗ ಪೂರ್ತಿ ಪಿಂಚಣಿ ಪಡೆಯುವವರ ಪಾಲು 5 ಶೇಕಡಾ ಇತ್ತು, ಸ್ವಂತ ದುಡ್ಡಿನಲ್ಲಿ ಬದುಕುವವರದು 50. ಮನೆ ಗುಡಿಸುವುದು, ತೋಟದ ಕೆಲಸ, ಊಟಕ್ಕೆ 17.5ರಿಂದ 80 ಶೇಕಡಾ. ಇವು ಬದಲಾಗುತ್ತವೆ, ಸಹಿ ಹಾಕುವ ದಿನದ ದರ ಕೇಳಿಕೊಳ್ಳಿ. ಎಡವುವುದು ಎಲ್ಲಿ ಅಂದರೆ, ಮಕ್ಕಳು ದುಡ್ಡು ಕಟ್ಟಿ ಪೇರೆಂಟ್ ವೀಸಾದಲ್ಲಿ ಕರೆಸಿಕೊಂಡ ಅಪ್ಪ ಅಮ್ಮನಿಗೆ ಇಲ್ಲಿ ಸಾಮಾನ್ಯವಾಗಿ ಹತ್ತು ವರ್ಷ ವಾಸ ಆಗುವವರೆಗೆ ಸರ್ಕಾರದ ಏಜ್ ಪೆನ್ಷನ್ ಸಿಗುವುದಿಲ್ಲ. ಆದಾಯ ಅಂತ ಇರುವುದು ಬೆಂಗಳೂರಿನ ಮನೆಯ ಬಾಡಿಗೆಯೋ ಮೈಸೂರಿನ ನಿವೃತ್ತಿ ವೇತನವೋ ಅಷ್ಟೇ. ಪೆನ್ಷನ್ ಇಲ್ಲದವರು ಸರ್ವಿಸಸ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆಗೆ ತಮ್ಮ ಆದಾಯ, ಆಸ್ತಿಯ ವಿವರ ಕೊಡಬೇಕು. "ನಮಗೆ ಇಲ್ಲಿ ಏನೂ ಇಲ್ಲವಲ್ಲ" ಎಂದು ಫಾರಂ ತುಂಬದೆ ಬಿಟ್ಟರೆ ಎಲ್ಲಕ್ಕೂ ಅತಿ ಜಾಸ್ತಿ ದರವೇ ಬೀಳುತ್ತದೆ. ಊರಿನ ಆಸ್ತಿಯನ್ನೂ ತೋರಿಸಬೇಕು, ಮುಚ್ಚಿಡುವ ಹಾಗಿಲ್ಲ. ಆದರೂ ತುಂಬಿದರೆ ಬಹಳ ಮನೆಗಳಿಗೆ ಹೊರೆ ಇಳಿಯುತ್ತದೆ. ಕಂಪನಿ ಆರಿಸುವ ಮೊದಲೇ ಇದನ್ನು ಕಳಿಸಿಬಿಡಿ.

ಈಗ ಜನರ ವಿಷಯ. ನನ್ನ ಪ್ರಕಾರ ಆಯ್ಕೆ ನಡೆಯಬೇಕಾದದ್ದು ಇಲ್ಲಿ. ಮಾರಾಟದ ಮಾತು ಆಡುವವರು ಬೇರೆ, ಕೇರ್ ಮ್ಯಾನೇಜರ್ ಬೇರೆ, ರೋಸ್ಟರ್ ಹಾಕುವವರು ಬೇರೆ, ಮನೆಗೆ ಬರುವವರು ಬೇರೆ. ನೀವು ಭೇಟಿಯಾಗುವುದು ಮೊದಲನೆಯವರನ್ನು. ಅಮ್ಮನ ದಿನ ನಿಂತಿರುವುದು ಕೊನೆಯ ಇಬ್ಬರ ಮೇಲೆ. ಆದ್ದರಿಂದ "ನಮ್ಮ ಬಡಾವಣೆಗೆ ಈಗ ಬರುತ್ತಿರುವ ನಿಮ್ಮ ಕೆಲಸದವರು ಎಷ್ಟು ಜನ? ಅವರು ನಿಮ್ಮವರೋ, ಏಜೆನ್ಸಿಯಿಂದ ತರಿಸುತ್ತೀರೋ?" ಎಂದು ಕೇಳಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಒಂದೇ ತಿಂಗಳಿಗೆ ಅಜ್ಜಿಯ ಸ್ನಾನಕ್ಕೆ ಬಂದವರು ಒಬ್ಬರಾದ ಮೇಲೆ ಒಬ್ಬರು, ಪ್ರತಿ ಸಲ ಹೊಸ ಮುಖ. ಒಂದು ದಿನ ಗಂಡಸನ್ನೇ ಕಳಿಸಿದರು. ಅಜ್ಜಿ ಬಾಗಿಲು ತೆಗೆಯಲಿಲ್ಲ. ಕಂಪನಿಯ ಕಡತದಲ್ಲಿ ಬರೆದದ್ದು "ಗ್ರಾಹಕರು ಸೇವೆ ನಿರಾಕರಿಸಿದರು" ಎಂದು. ಇಂಥ ಮೂರು ಸಾಲು ಕಡತದಲ್ಲಿ ಬಿದ್ದರೆ ಮುಂದಿನ ಸಲ ಅವರ ಅಗತ್ಯವನ್ನು ನೋಡುವವರಿಗೆ ಈ ಅಜ್ಜಿಗೆ ಸಹಾಯವೇ ಬೇಡವೇನೋ ಅನಿಸುತ್ತದೆ. ಹೆಂಗಸರೇ ಬೇಕು ಎನ್ನುವುದನ್ನು ಬಾಯಿಮಾತಿಗೆ ಬಿಡಬೇಡಿ. ಕೇರ್ ಪ್ಲಾನ್‌ನಲ್ಲಿ, ಅಂದರೆ ಯಾವ ಸೇವೆ ಹೇಗೆ ಎಂದು ಕಂಪನಿ ಬರೆದಿಡುವ ಯೋಜನೆಯಲ್ಲಿ, ಬರೆಸಿ.

ಕೇರ್ ಮ್ಯಾನೇಜರ್ ಬಗ್ಗೆ ಕೇಳಬೇಕಾದದ್ದು ಒಂದೇ: ಅವರ ಕೈಯಲ್ಲಿ ಎಷ್ಟು ಮನೆಗಳಿವೆ? ಹೇಳಲು ಹಿಂದೇಟು ಹಾಕಿದರೆ ಜಾಸ್ತಿ ಇವೆ ಎಂದು ತಿಳಿಯಿರಿ. ತಿಂಗಳಿಗೆ ಒಂದು ಸಲವಾದರೂ ಅವರು ಅಮ್ಮನಿಗಾಗಿ ಏನಾದರೂ ಕೆಲಸ ಮಾಡಿರಬೇಕು ಎಂಬ ನಿಯಮ ಇದೆ. ಆ ಹತ್ತು ಶೇಕಡಾ ಹೋಗುವುದೇ ಅದಕ್ಕೆ. ತಿಂಗಳ ಲೆಕ್ಕಪತ್ರ ಬಂದಾಗ ಅದನ್ನು ಓದಿ. ಓದುವವರು ಕಡಿಮೆ. ಯಾವ ದಿನ ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂದು ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಅದರ ಜೊತೆ ತಾಳೆ ನೋಡಬಹುದು.

ಭಾಷೆ. ಕನ್ನಡ ಬರುವ ಕೆಲಸದವರು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಿಡ್ನಿಯ ಟೂಂಗಬ್ಬಿ, ವೆಂಟ್‌ವರ್ತ್‌ವಿಲ್ ಕಡೆ, ಮೆಲ್ಬರ್ನ್‌ನ ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಅದೃಷ್ಟ ಇದ್ದರೆ ಸಿಗುತ್ತಾರೆ. ಸಾಮಾನ್ಯವಾಗಿ ಬರುವವರು ಕೇರಳ, ಪಂಜಾಬ್, ನೇಪಾಳದವರು. ಹಿಂದಿ ಸ್ವಲ್ಪ ಬರುವ ಹಿರಿಯರಿಗೆ ಅದೇ ಸಾಕಾಗುತ್ತದೆ. ಆದರೆ ಮರೆವಿನ ಕಾಯಿಲೆ ಶುರುವಾಗಿದ್ದರೆ ಮಾತು ಬೇರೆ. ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ನೌಕರಿ ಮಾಡಿದ ತಾತ ಕೊನೆಗೆ ಹಾಸನದ ಕನ್ನಡಕ್ಕೆ ವಾಪಸ್ ಬರುತ್ತಾರೆ. ಅಂಥವರಿಗೆ ವಾರಕ್ಕೆ ಎರಡು ಗಂಟೆಯಾದರೂ ಕನ್ನಡದವರು ಬೇಕು, ಅದಕ್ಕಾಗಿ ಗುಡಿಸುವ ಗಂಟೆ ಒಂದನ್ನು ಬಿಟ್ಟುಕೊಟ್ಟರೂ ಸರಿ ಎನ್ನುವುದು ನನ್ನ ಅಭಿಪ್ರಾಯ.

ನಿಮಗೆ ಪರಿಚಯದ ಕನ್ನಡದ ಹೆಂಗಸೊಬ್ಬರು ಈ ಕೆಲಸ ಮಾಡಲು ಸಿದ್ಧರಿದ್ದರೆ ಅವರನ್ನು ಕಂಪನಿಯ ಮೂಲಕ ಸೇರಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳಿ. ಕೆಲವು ಕಂಪನಿಗಳು ಒಪ್ಪುತ್ತವೆ. ಅವರ ಪೊಲೀಸ್ ತಪಾಸಣೆ ಮುಂತಾದವು ಆಗಿರಬೇಕು. ಸೊಸೆಗೋ ಮಗಳಿಗೋ ಸಂಬಳ ಕೊಡಿಸಬಹುದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಆಗುವುದಿಲ್ಲ. ಕೇರ್ ಪ್ಲಾನ್ ಮಾತುಕತೆಗೆ ದುಭಾಷಿ ಬೇಕಾದರೆ 131 450ಕ್ಕೆ ಫೋನ್ ಮಾಡಬಹುದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮಗ ಪಕ್ಕದಲ್ಲೇ ಇದ್ದರೂ ನಾನು ದುಭಾಷಿಯನ್ನು ಕರೆಸಲು ಹೇಳುತ್ತೇನೆ. ಮಗನ ಮುಂದೆ ಅಮ್ಮ ಮೂತ್ರ ತಡೆಯಲಾಗದ ವಿಷಯ ಹೇಳುವುದಿಲ್ಲ. ಮಗನೂ ಅಮ್ಮ ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ದಾಟಿಸುವುದಿಲ್ಲ.

ಊಟ, ಪೂಜೆ, ಸ್ನಾನದ ಪದ್ಧತಿ. ಇವೆಲ್ಲ ಸಣ್ಣ ವಿಷಯ ಅಂತ ಹೇಳದೆ ಬಿಡುತ್ತಾರೆ, ಆಮೇಲೆ ಜಗಳ ಇಲ್ಲೇ. ಹೊರಗಿನಿಂದ ತರಿಸುವ ಊಟದಲ್ಲಿ ಸಸ್ಯಾಹಾರ ಅಂದರೆ ಪಾಸ್ತಾ, ಸೂಪು. ಅಪ್ಪ ಎರಡು ದಿನ ತಿಂದು ಮೂರನೇ ದಿನ ಮೊಸರನ್ನಕ್ಕೆ ಬರುತ್ತಾರೆ. ಅದರ ಬದಲು ಮನೆಯಲ್ಲೇ ತರಕಾರಿ ಹೆಚ್ಚಿಕೊಟ್ಟು, ಕುಕ್ಕರ್ ಇಟ್ಟು ಹೋಗುವವರು ಬೇಕು ಎಂದು ಕೇಳಿ. ಸಾಮಾನಿನ ಖರ್ಚು ನಿಮ್ಮದು, ಕೆಲಸದ ಗಂಟೆ ಬಜೆಟ್‌ನಿಂದ. ದೇವರ ಮನೆಗೆ ಶೂ ಹಾಕಿಕೊಂಡು ಹೋಗಬಾರದು ಎಂದು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸ್ನಾನಕ್ಕೆ ಬಕೆಟ್, ಚೊಂಬು ಬೇಕೇ ಬೇಕು ಅನ್ನುವವರಿಗೆ, ದಿನದ ಕೆಲಸಗಳನ್ನು ಸುರಕ್ಷಿತವಾಗಿ ಮಾಡಲು ದಾರಿ ತೋರಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ಕರೆಸಿ. ಕೂರುವ ಸ್ಟೂಲು, ಗೋಡೆಗೆ ಹಿಡಿಕೆ ಹಾಕಿಸಿದರೆ ಎರಡೂ ನಡೆಯುತ್ತದೆ. ಇಂಥ ಸಾಧನಗಳಿಗೆ, ಮನೆಯ ಸಣ್ಣಪುಟ್ಟ ಬದಲಾವಣೆಗೆ ಬೇರೆಯೇ ಅನುದಾನ ಇದೆ. ದಿನನಿತ್ಯದ ಬಜೆಟ್‌ನಿಂದ ಕತ್ತರಿಸುತ್ತೇವೆ ಎಂದರೆ ಒಪ್ಪಬೇಡಿ.

ಕಂಪನಿಯ ಹೆಸರನ್ನು, ಈ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರದ ಏಜ್ಡ್ ಕೇರ್ ಕ್ವಾಲಿಟಿ ಅಂಡ್ ಸೇಫ್ಟಿ ಕಮಿಷನ್‌ನಲ್ಲಿ ಹುಡುಕಿ. ನೋಂದಣಿ ಇದೆಯೇ, ಅದರ ಮೇಲೆ ಕ್ರಮ ಏನಾದರೂ ಆಗಿದೆಯೇ ಎಂಬುದು ಸಿಗುತ್ತದೆ. ಸ್ಟಾರ್ ರೇಟಿಂಗ್ ಹುಡುಕಿ ಸುಸ್ತಾಗಬೇಡಿ. ಸರ್ಕಾರದ ಸ್ಟಾರ್‌ಗಳು ಇರುವುದು ವೃದ್ಧರು ಉಳಿದುಕೊಳ್ಳುವ ನರ್ಸಿಂಗ್ ಹೋಮ್‌ಗಳಿಗೆ, ಮನೆ ಸೇವೆಗಲ್ಲ.

ಇಷ್ಟೆಲ್ಲ ಕೇಳುವಾಗ ಒಬ್ಬರನ್ನು ಮರೆಯುತ್ತೇವೆ. ಅಮ್ಮನಿಗೇ ಏನು ಬೇಕು? ಮಕ್ಕಳು ಮನೆ ಗುಡಿಸಲು, ತೋಟ ಕತ್ತರಿಸಲು ಗಂಟೆ ಇಡುತ್ತಾರೆ. ಅಮ್ಮನನ್ನು ಬೇರೆ ಕೂರಿಸಿ ಕೇಳಿದರೆ "ಶುಕ್ರವಾರ ದೇವಸ್ಥಾನಕ್ಕೆ ಯಾರಾದರೂ ಕರ್ಕೊಂಡು ಹೋದ್ರೆ ಸಾಕಿತ್ತು" ಅನ್ನುತ್ತಾರೆ. ಹೊರಗೆ ಕರೆದೊಯ್ಯುವುದಕ್ಕೂ ಈ ಬಜೆಟ್‌ನಲ್ಲಿ ಜಾಗ ಇದೆ. ಕಂಪನಿಯವರು ಮೊದಲ ಸಲ ಮನೆಗೆ ಬಂದಾಗ ಮಾತನ್ನು ಯಾರ ಕಡೆ ತಿರುಗಿ ಆಡುತ್ತಾರೆ ನೋಡಿ. ಇಡೀ ಗಂಟೆ ಮಗನ ಜೊತೆಯೇ ಮಾತಾಡಿ ಹೋದವರನ್ನು ನಾನಾದರೆ ಪಟ್ಟಿಯಿಂದ ತೆಗೆಯುತ್ತೇನೆ.

ಸರಿ, ಸಹಿ ಹಾಕಿದ ಮೇಲೆ ಸರಿಹೋಗಲಿಲ್ಲ. ಬದಲಿಸಬಹುದು, ಯಾವಾಗ ಬೇಕಾದರೂ. ಬಿಟ್ಟು ಹೋಗುವವರಿಗೆ ದಂಡ ಹಾಕುವುದನ್ನು 2023ರ ಜನವರಿಯಿಂದಲೇ ನಿಲ್ಲಿಸಿದ್ದಾರೆ. ಮೊದಲು ಹೊಸ ಕಂಪನಿ ಒಪ್ಪಿಕೊಂಡು ಶುರುವಿನ ದಿನ ಹೇಳಲಿ, ಆಮೇಲೆ ಹಳೆಯದಕ್ಕೆ ನೋಟಿಸ್ ಕೊಡಿ. ನಡುವೆ ಒಂದು ವಾರವೂ ಖಾಲಿ ಬೀಳದಂತೆ ಎರಡು ದಿನಾಂಕ ಹೊಂದಿಸಿ. ಖರ್ಚಾಗದೆ ಉಳಿದ ದುಡ್ಡಿನ ಮೇಲೂ ಕಣ್ಣಿಡಿ. ಮುಂದಿನ ಮೂರು ತಿಂಗಳಿಗೆ 1,000 ಡಾಲರ್ ಅಥವಾ ಬಜೆಟ್‌ನ 10 ಶೇಕಡಾ, ಯಾವುದು ಜಾಸ್ತಿಯೋ ಅಷ್ಟು ಮಾತ್ರ ದಾಟುತ್ತದೆ. ಮಿಕ್ಕದ್ದು ಹೋಯಿತು. ಅಮ್ಮ ಎರಡು ತಿಂಗಳು ಬೆಂಗಳೂರಿಗೆ ಹೋಗಿಬರುವ ಮನೆಗಳು ಟಿಕೆಟ್ ತೆಗೆಯುವಾಗಲೇ ಕೇರ್ ಮ್ಯಾನೇಜರ್‌ಗೆ ಹೇಳಿ.

ಕಂಪನಿಯ ಜೊತೆ ಮಾತಾಡಿ ಬಗೆಹರಿಯದಿದ್ದರೆ 1800 700 600ಕ್ಕೆ ಫೋನ್ ಮಾಡಿ. ಅದು ಓಪ್ಯಾನ್ (OPAN, ಓಲ್ಡರ್ ಪರ್ಸನ್ಸ್ ಅಡ್ವೊಕೆಸಿ ನೆಟ್‌ವರ್ಕ್) ಎಂಬ ಸಂಸ್ಥೆಯ ನಂಬರು. ಹಿರಿಯರ ಪರವಾಗಿ ಕಂಪನಿಯ ಜೊತೆ ಮಾತಾಡುವ ಕೆಲಸವನ್ನು ಅವರು ಉಚಿತವಾಗಿ ಮಾಡುತ್ತಾರೆ. ದೂರು ಕೊಟ್ಟರೆ ಕೆಲಸದವರನ್ನು ಕಳಿಸುವುದೇ ನಿಲ್ಲಿಸಿಬಿಟ್ಟರೆ ಎಂದು ನಮ್ಮ ಹಿರಿಯರು ಹೆದರುತ್ತಾರೆ. ದೂರು ಕೊಟ್ಟದ್ದಕ್ಕೆ ಸೇವೆ ನಿಲ್ಲಿಸುವಂತಿಲ್ಲ. ಇದನ್ನು ಅವರಿಗೆ ಕನ್ನಡದಲ್ಲಿ, ನಿಧಾನಕ್ಕೆ, ಒಂದೆರಡು ಸಲ ಹೇಳಬೇಕಾಗುತ್ತದೆ.