ಸ್ಟೀಲ್ ಹಾಕಿದರೂ ಎರಡೇ ಮಳೆಗಾಲಕ್ಕೆ ತುಕ್ಕು: ಬಾಗಿಲ ಸಾಮಾನು ಯಾವುದು ತಗೊಳ್ಳಲಿ?

ಪ್ರಶ್ನೆ: ಸುರತ್ಕಲ್‌ನಲ್ಲಿ ನಮ್ಮದೊಂದು ಮೂರು ಮಾಳಿಗೆಯ ಕಟ್ಟಡ ಇದೆ. ಕೆಳಗೆ ಅಂಗಡಿಗಳು, ಮಧ್ಯದಲ್ಲಿ ಕ್ಲಿನಿಕ್, ಮೇಲೆ ಆಫೀಸು. ಸಮುದ್ರ ಹೆಚ್ಚೆಂದರೆ ಒಂದು ಕಿಲೋಮೀಟರ್. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಡಿಕೆಗೆ ಕಂದು ಕಲೆ, ಬಿಜಾಗರಿ ಕಿರ್ ಕಿರ್, ಡೋರ್ ಕ್ಲೋಸರಿನಿಂದ ಎಣ್ಣೆ ಸೋರಿಕೆ. ಹಾಕಿದ್ದು ಸ್ಟೀಲೇ. ಈ ಸಲ ಎಲ್ಲ ಬದಲಿಸೋಣ ಅಂತಿದ್ದೇವೆ. ಯಾವುದು ತಗೊಂಡರೆ ಬಾಳಿಕೆ ಬರುತ್ತದೆ?

ಉತ್ತರ: ಮಂಗಳೂರು, ಉಡುಪಿ ಕಡೆಯವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗಾಳಿ ತಾಗುವ ಬಾಗಿಲುಗಳಿಗೆ 316 ಗ್ರೇಡಿನ ಸ್ಟೀಲ್, ಒಳಗಿನ ಬಾಗಿಲುಗಳಿಗೆ 304. ಸ್ಕ್ರೂ ಕೂಡ ಅದೇ ಲೋಹದ್ದು. ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್ ಮಾತ್ರ ಬಾಗಿಲ ಅಗಲ, ತೂಕ ನೋಡಿ ತಗೊಳ್ಳಬೇಕು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಒಂದು ದಿನ ಕೂತು, ಯಾವ ಬಾಗಿಲು ಎಷ್ಟು ಸಲ ತೆರೆಯುತ್ತದೆ ಅಂತ ಎಣಿಸಿ.

ಸುಮ್ನೆ ಹೇಳುತ್ತಿಲ್ಲ. ನಿಮ್ಮ ಕ್ಲಿನಿಕ್ಕಿನ ಮುಂಬಾಗಿಲು ದಿನಕ್ಕೆ 400 ಸಲ ತೆರೆದು ಮುಚ್ಚುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 300 ದಿನ ಹಿಡಿದರೂ 1,20,000 ಸಲ ಆಯಿತು. ಮನೆಯ ಬಚ್ಚಲು ಬಾಗಿಲು ದಿನಕ್ಕೆ 20 ಸಲ ತೆರೆದರೆ ವರ್ಷಕ್ಕೆ 7,300. ಅಂದರೆ ಬಚ್ಚಲು ಬಾಗಿಲು ಹದಿನಾರು ವರ್ಷದಲ್ಲಿ ಮಾಡುವ ಕೆಲಸವನ್ನು ಕ್ಲಿನಿಕ್ಕಿನ ಬಾಗಿಲು ಒಂದೇ ವರ್ಷದಲ್ಲಿ ಮುಗಿಸುತ್ತದೆ. ಎರಡಕ್ಕೂ ಒಂದೇ ಅಂಗಡಿಯ ಒಂದೇ ಬಿಜಾಗರಿ ಹಾಕಿದರೆ ಹೇಗೆ ತಡೆದೀತು, ಅಲ್ವಾ?

ಒಳ್ಳೆಯ ಕಂಪನಿಯ ಡಬ್ಬದ ಮೇಲೆ ಈ ಲೆಕ್ಕ ಬರೆದಿರುತ್ತದೆ. ಯುರೋಪಿನ ಇಎನ್ 1154 ಎಂಬ ಮಾನದಂಡ ದಾಟಿದ ಡೋರ್ ಕ್ಲೋಸರನ್ನು 5 ಲಕ್ಷ ಸಲ ತೆರೆದು ಮುಚ್ಚಿ ಪರೀಕ್ಷೆ ಮಾಡಿರುತ್ತಾರೆ. ಬಿಜಾಗರಿಗೆ ಇಎನ್ 1935, ಅದರ ಹೆಚ್ಚು ಬಳಕೆಯ ದರ್ಜೆಗೆ 2 ಲಕ್ಷ ಸಲದ ಪರೀಕ್ಷೆ. ಅಮೆರಿಕದ ಮಾನದಂಡದಲ್ಲಿ ಮೊದಲ ದರ್ಜೆಯ ಕ್ಲೋಸರಿಗೆ 20 ಲಕ್ಷ ಸಲ. ನಿಮ್ಮ ಕ್ಲಿನಿಕ್ಕಿನ ಬಾಗಿಲಿಗೆ 5 ಲಕ್ಷದ ಕ್ಲೋಸರ್ ಹಾಕಿದರೆ ಸುಮಾರು ನಾಲ್ಕು ವರ್ಷದಲ್ಲಿ ಪರೀಕ್ಷೆಯ ಲೆಕ್ಕ ಮುಗಿಯುತ್ತದೆ. ಅಲ್ಲಿ 20 ಲಕ್ಷದ್ದನ್ನೇ ಹಾಕಿ. ಮೇಲಿನ ಆಫೀಸಿನ ಬಾಗಿಲಿಗೆ 5 ಲಕ್ಷದ್ದು ಧಾರಾಳ ಸಾಕು. ಡಬ್ಬದ ಮೇಲೆ ಯಾವ ಅಂಕಿಯೂ ಇಲ್ಲ, ಬರೀ "ಹೆವಿ ಡ್ಯೂಟಿ" ಅಂತ ಮಾತ್ರ ಇದ್ದರೆ ಕ್ಲಿನಿಕ್ಕಿಗೆ ಅದು ಬೇಡ.

ಈಗ ತುಕ್ಕಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲಿ ಬಾಗಿಲ ಸಾಮಾನು ಹಾಳಾಗುವುದಕ್ಕೆ ದೊಡ್ಡ ಕಾರಣವೇ ಇದು.

ಅಂಗಡಿಯಲ್ಲಿ "ಎಸ್ಎಸ್", ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಅಂತ ಮಾರುವುದರಲ್ಲಿ ಮುಖ್ಯವಾಗಿ ಮೂರು ಜಾತಿ ಇದೆ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. 316ರಲ್ಲಿ ಅದರ ಜೊತೆ 2ರಿಂದ 3 ಶೇಕಡಾ ಮಾಲಿಬ್ಡಿನಂ ಸೇರಿರುತ್ತದೆ. ಉಪ್ಪನ್ನು ತಡೆಯುವ ಶಕ್ತಿ ಬರುವುದು ಆ ಮಾಲಿಬ್ಡಿನಂನಿಂದ. ಮೂರನೆಯದು 202. ಇದರಲ್ಲಿ ದುಬಾರಿ ನಿಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ನೋಡಲು ಮೂರೂ ಒಂದೇ. ಹೊಳಪಿನಲ್ಲಿ 202 ಒಂದು ಕೈ ಮೇಲೇ ಕಾಣಬಹುದು. ನಿಮ್ಮ ಕಟ್ಟಡಕ್ಕೆ ಬಂದದ್ದು ಇದೇ ಇರಬೇಕು ಅನ್ನಿಸುತ್ತದೆ.

ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಗಟ್ಟಿಯಾಗಿ ಅಂಟಿಕೊಂಡರೆ ಅದು ಲೇಪ ಹಾಕಿದ ಕಬ್ಬಿಣ ಅಥವಾ ಕೆಳದರ್ಜೆಯದು ಎನ್ನಬಹುದು, ಅಷ್ಟು ಸರಿ. ಆದರೆ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಗಾಗಿ 202 ಮತ್ತು 304ರ ವ್ಯತ್ಯಾಸ ಅಯಸ್ಕಾಂತದಿಂದ ತಿಳಿಯುವುದಿಲ್ಲ. ಅದಕ್ಕೆ ಒಂದು ಹನಿ ಹಾಕಿ ಬಣ್ಣ ನೋಡುವ ದ್ರಾವಣ ಸ್ಟೀಲ್ ಪೈಪು ಮಾರುವವರ ಹತ್ತಿರ ಸಿಗುತ್ತದೆ. ಇಪ್ಪತ್ತು ಮೂವತ್ತು ಬಾಗಿಲಿಗೆ ಸಾಮಾನು ತಗೊಳ್ಳುವವರು ಒಂದು ಬಾಟಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು ದಾರಿ, ಬಿಲ್ಲಿನಲ್ಲಿ ಗ್ರೇಡನ್ನು ಬರೆಸಿಕೊಳ್ಳುವುದು. ಬರೆದುಕೊಡಲು ಒಪ್ಪದ ಅಂಗಡಿಯಿಂದ ಹಾಗೇ ಎದ್ದು ಬನ್ನಿ.

ಬಿಜಾಗರಿ ಒಳ್ಳೆಯದು ತಂದು ಸ್ಕ್ರೂವಿನಲ್ಲಿ ಎಡವುವವರೂ ತುಂಬ. ಒಮ್ಮೆ ಬಂದರು ಕಡೆಯ ಒಂದು ಆಫೀಸಿನಲ್ಲಿ ಬಾಗಿಲು ಜೋತುಬಿದ್ದಿದೆ ಅಂತ ಕರೆದರು. ಮೇಲಿನ ಬಿಜಾಗರಿಯನ್ನು ಒರೆಸಿ ನೋಡಿದೆ. ಹಾಳೆ ಹೊಸದರ ಹಾಗೆ ಹೊಳೆಯುತ್ತಿತ್ತು. ಅದರೊಳಗಿನ ಸ್ಕ್ರೂಗಳ ತಲೆ ಮಾತ್ರ ಕಂದು ಪುಡಿಯಾಗಿತ್ತು. ಸ್ಕ್ರೂಡ್ರೈವರ್ ತಾಗಿಸಿದ್ದೇ ತಡ, ತಲೆ ಉದುರಿ ಕೆಳಗೆ ಬಿತ್ತು. ಮೈ ದಾರಂದದೊಳಗೇ ಉಳಿಯಿತು. ನಾಲ್ಕು ಸ್ಕ್ರೂವಿನಲ್ಲಿ ಮೂರರ ಗತಿ ಹೀಗೇ. ಜೊತೆಗಿದ್ದ ಆಚಾರಿ, "ಇಷ್ಟು ದಿನ ಈ ಬಾಗಿಲು ಹೇಗೆ ನಿಂತಿತ್ತು ಮಾರಾಯ್ರೆ!" ಅಂದರು.

ಹೀಗೆ ಆಗುವುದಕ್ಕೆ ಕಾರಣ ಇದೆ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ, ಅದರಲ್ಲಿ ದುರ್ಬಲವಾದದ್ದು ಕರಗುತ್ತ ಹೋಗುತ್ತದೆ. ಸ್ಟೀಲ್ ಹಾಳೆಯ ಎದುರು ಕಬ್ಬಿಣದ ಸ್ಕ್ರೂ ದುರ್ಬಲ. ಜೊತೆಗೆ ಹಾಳೆ ದೊಡ್ಡದು, ಸ್ಕ್ರೂ ಸಣ್ಣದು. ಸಣ್ಣದಾದಷ್ಟೂ ಸವೆತ ಬೇಗ. ನಮ್ಮಲ್ಲಿ ಇದಕ್ಕೆ ಸಮುದ್ರದಲ್ಲೇ ಮುಳುಗಿಸಬೇಕಾಗಿಲ್ಲ. ಗಾಳಿಯಲ್ಲಿ ಬಂದ ಉಪ್ಪಿನ ಪುಡಿ ಮೇಲೆ ಕೂತು, ಹವೆಯ ತೇವ ಎಳೆದುಕೊಂಡರೆ ಸಾಕು. ಒಂದೊಂದು ಬಾಗಿಲಿಗೆ ಸ್ಟೀಲ್ ಸ್ಕ್ರೂ ಹಾಕಿದರೆ ಖರ್ಚು ಜಾಸ್ತಿಯಾಗುವುದು ತೀರಾ ಸ್ವಲ್ಪ. ಅದನ್ನು ಉಳಿಸಲು ಹೋಗಬೇಡಿ.

ಅಲ್ಯೂಮಿನಿಯಂ ಬಾಗಿಲಿನ ಕತೆ ಉಲ್ಟಾ. ಅಲ್ಲಿ ಸ್ಟೀಲ್ ಸ್ಕ್ರೂ ಉಳಿಯುತ್ತದೆ, ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ನಡುವೆ ಒಂದು ನೈಲಾನ್ ವಾಷರ್ ಹಾಕಿಸಿ.

ಮಲ್ಪೆ, ಉಳ್ಳಾಲ, ಪಣಂಬೂರು ಕಡೆ ಸಮುದ್ರ ಕಾಣುವಷ್ಟು ಹತ್ತಿರ ಇರುವವರಿಗೆ ಒಂದು ಮಾತು. ಮಳೆ ಬೀಳುವ ಹಿಡಿಕೆಗಿಂತ ಸಿಟ್‌ಔಟ್‌ನ ನೆರಳಲ್ಲಿರುವ ಹಿಡಿಕೆಗೆ ಬೇಗ ಕಲೆ ಬರುತ್ತದೆ. ಮಳೆನೀರು ಉಪ್ಪನ್ನು ತೊಳೆದುಬಿಡುತ್ತದೆ. ನೆರಳಲ್ಲಿರುವುದಕ್ಕೆ ಉಪ್ಪು ಕೂರುತ್ತಲೇ ಹೋಗುತ್ತದೆ, ತೊಳೆಯುವವರು ಯಾರೂ ಇಲ್ಲ. ವಾರಕ್ಕೊಮ್ಮೆ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಉಜ್ಜಿದರೆ 304 ಕೂಡ ಚೆನ್ನಾಗಿ ಬಾಳುತ್ತದೆ. ಒರಟು ಗೆರೆ ಇರುವ ಮ್ಯಾಟ್ ಮೈಯಲ್ಲಿ ಉಪ್ಪು ಹಿಡಿದುಕೊಳ್ಳುತ್ತದೆ. ನುಣುಪಾದದ್ದೇ ನಮ್ಮ ಹವೆಗೆ ವಾಸಿ.

ಹಳೆಯ ಕಟ್ಟಡದಲ್ಲಿ ಹಿತ್ತಾಳೆಯ ಬಿಜಾಗರಿ, ಚಿಲಕ ಇದ್ದರೆ ದಯವಿಟ್ಟು ಕಿತ್ತು ಗುಜರಿಗೆ ಹಾಕಬೇಡಿ. ಮೈ ಕಪ್ಪಾದರೂ, ಹಸಿರು ಹಿಡಿದರೂ ಗಟ್ಟಿ ಹಿತ್ತಾಳೆಯ ಬಲ ಅಷ್ಟು ಬೇಗ ಹೋಗುವುದಿಲ್ಲ. ಹುಣಸೆಹುಳಿ ಹಾಕಿ ಉಜ್ಜಿ, ಚೆನ್ನಾಗಿ ತೊಳೆದರೆ ಮತ್ತೆ ಬಣ್ಣ ಬರುತ್ತದೆ. ಈಗ ಹಿತ್ತಾಳೆ ಬಣ್ಣದಲ್ಲಿ ಬರುವ ಅಗ್ಗದ ಹಿಡಿಕೆಗಳು ಬೇರೆ. ಒಳಗೆ ಸತು ಮಿಶ್ರಲೋಹ, ಮೇಲೆ ತೆಳ್ಳಗಿನ ಲೇಪ. ಲೇಪದಲ್ಲಿ ಗುಳ್ಳೆ ಎದ್ದರೆ ಅದರ ಆಯುಷ್ಯ ಮುಗಿದ ಹಾಗೆ. ಕೈಯಲ್ಲಿ ಹಿಡಿದು ತೂಕ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಶತ್ರು ಕಟ್ಟಡದ ಒಳಗೇ ಇದೆ, ಆಸಿಡ್. ನಾನು ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದಲ್ಲಿ ಹೊಸ 304 ಹಿಡಿಕೆಗಳು ಬಂದು ಹದಿನೈದು ದಿನ ಆಗಿತ್ತಷ್ಟೆ. ಟೈಲ್ಸ್ ಕೆಲಸದವರು ಸಿಮೆಂಟ್ ಕಲೆ ತೆಗೆಯಲು ನೆಲಕ್ಕೆ ಆಸಿಡ್ ಹಾಕಿ, ಬಾಗಿಲು ಮುಚ್ಚಿ ಊಟಕ್ಕೆ ಹೋದರು. ಒಂದು ಹನಿಯೂ ಹಿಡಿಕೆಗೆ ತಾಗಿರಲಿಲ್ಲ, ಬರೀ ಹೊಗೆ. ವಾರದೊಳಗೆ ಹಿಡಿಕೆಗಳ ಮೇಲೆಲ್ಲ ಚಹಾ ಚೆಲ್ಲಿದ ಹಾಗೆ ಕಲೆ. ನನ್ನದೇ ತಪ್ಪು, ಆ ಕೆಲಸ ಮುಗಿಯುವ ತನಕ ಹಿಡಿಕೆ ಹಾಕಿಸಬಾರದಿತ್ತು. ಟಾಯ್ಲೆಟ್ ತೊಳೆಯುವ ದ್ರವದಲ್ಲೂ ಇದೇ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದೇ ಬಟ್ಟೆಯಲ್ಲಿ ಬಾಗಿಲ ಹಿಡಿಕೆ ಒರೆಸಬಾರದು ಅಂತ ಕ್ಲೀನಿಂಗ್‌ಗೆ ಬರುವ ಅಕ್ಕನಿಗೆ ಹೇಳಿಡಿ. ಪಾತ್ರೆ ಉಜ್ಜುವ ಕಬ್ಬಿಣದ ನಾರು ಕೂಡ ಬೇಡ. ಅದರ ಕಣಗಳು ಅಂಟಿಕೊಂಡು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಕ್ಲೋಸರ್ ಬಗ್ಗೆ ಹೇಳುವುದಾದರೆ, ಎಣ್ಣೆ ಸೋರುವ ಕ್ಲೋಸರನ್ನು ರಿಪೇರಿ ಮಾಡಲು ಹೋಗಬೇಡಿ. ಬದಲಿಸಿ. ಅದರೊಳಗೆ ಸ್ಪ್ರಿಂಗ್ ಬಾಗಿಲನ್ನು ಎಳೆಯುತ್ತದೆ, ಎಣ್ಣೆ ಆ ಎಳೆತವನ್ನು ನಿಧಾನ ಮಾಡುತ್ತದೆ. ಎಣ್ಣೆ ಹೋದರೆ ಬಾಗಿಲು ಬಡಿಯುತ್ತದೆ. ಬಡಿದ ಪೆಟ್ಟೆಲ್ಲ ಬಿಜಾಗರಿಗೆ. ಅಳತೆ ಹೀಗೆ: 850 ಮಿಲಿಮೀಟರ್ ಅಗಲ, 40 ಕಿಲೋ ತನಕ 2ನೇ ಸೈಜು. 950 ಮಿಲಿಮೀಟರ್, 60 ಕಿಲೋ ತನಕ 3ನೇ ಸೈಜು. 1,100 ಮಿಲಿಮೀಟರ್, 80 ಕಿಲೋ ತನಕ 4ನೇದು. ಗಾಳಿ ಜೋರಾಗಿ ಹೊಡೆಯುವ ಬಾಗಿಲಿಗೆ ಒಂದು ಸೈಜು ಮೇಲಿನದು ಹಾಕಿ. ಪ್ಲೈವುಡ್ ಹಾಳೆ ಅಂಟಿಸಿದ ಫ್ಲಶ್ ಡೋರಿಗೆ ಬರೀ ಮರಕ್ಕೆ ಹಾಕುವ ಸ್ಕ್ರೂ ಹಾಕಿದರೆ ಸ್ವಲ್ಪ ದಿನದಲ್ಲೇ ಸಡಿಲವಾಗುತ್ತದೆ, ಆರಪಾರ ಹೋಗುವ ಬೋಲ್ಟ್ ಹಾಕಿಸಿ. ವೇಗ ಹೊಂದಿಸುವ ಸ್ಕ್ರೂವನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಪೂರ್ತಿ ಹೊರಗೆ ಬಂದರೆ ಎಣ್ಣೆಯೂ ಬರುತ್ತದೆ.

ಕ್ಲೋಸರಿಗೆ ಸುಮ್ನೆ ಕೆಟ್ಟ ಹೆಸರು ಬರುವುದೂ ಉಂಟು. ಜುಲೈನಲ್ಲಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಅಂದರೆ ಮೊದಲು ಮರ ಉಬ್ಬಿದೆಯಾ ನೋಡಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬಾಗಿಲ ಮುಖಕ್ಕೆ ಬಣ್ಣ ಹೊಡೆದು, ಕೆಳಗಿನ ಮತ್ತು ಮೇಲಿನ ಅಂಚನ್ನು ಹಾಗೇ ಬಿಟ್ಟಿರುತ್ತಾರೆ. ನೀರು ಕುಡಿಯುವುದೇ ಅಲ್ಲಿಂದ. ಉಬ್ಬಿದ್ದನ್ನು ಮಳೆಗಾಲದ ಆಟಿ ತಿಂಗಳಲ್ಲಿ ಹತ್ತರಿ ಹೊಡೆದರೆ ಮಾಘದಲ್ಲಿ ಬೆರಳು ತೂರುವಷ್ಟು ಸಂದು. ಬೇಸಿಗೆಯಲ್ಲಿ ಬಾಗಿಲು ಇಳಿಸಿ ಆರೂ ಬದಿಗೆ ಬಣ್ಣ ಹೊಡೆಸಿ.

ಕೆಳಗಿನ ಅಂಗಡಿಗಳಿಗೆ ಗಾಜಿನ ಬಾಗಿಲಿದ್ದು, ನೆಲದೊಳಗೆ ಬಾಗಿಲು ಮುಚ್ಚಿಸುವ ಫ್ಲೋರ್ ಸ್ಪ್ರಿಂಗಿನ ಪೆಟ್ಟಿಗೆ ಇದ್ದರೆ ಮಳೆನೀರು ಆ ಪೆಟ್ಟಿಗೆಗೆ ಇಳಿಯುತ್ತದೆ. ಸುತ್ತಲಿನ ಜಾಗಕ್ಕೆ ತುಂಬಿಸುವ ಮೇಣದಂಥ ಕಾಂಪೌಂಡ್ ಬರುತ್ತದೆ, ಹಾಕುವಾಗಲೇ ತುಂಬಿಸಬೇಕು. ರಸ್ತೆ ನೀರು ಒಳಗೆ ಬರುವ ಜಾಗವಾದರೆ ಮೇಲೆ ಕೂರುವ ಕ್ಲೋಸರೇ ಒಳ್ಳೆಯದು.

ತುರ್ತು ದಾರಿಯ ಬಾಗಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತರು. ತುರ್ತು ದಾರಿಗೆ ಬೀಗ ಬಿದ್ದಿತ್ತು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಿಮ್ಮ ಹಿಂಬದಿ ಮೆಟ್ಟಿಲ ಬಾಗಿಲಿಗೆ ಟವರ್ ಬೋಲ್ಟ್, ಅಲ್ಡ್ರಾಪ್, ಬೀಗ ಏನಿದ್ದರೂ ಇವತ್ತೇ ತೆಗೆಸಿ. ಒಳಗಿನಿಂದ ಕೀ ಇಲ್ಲದೆ ತೆರೆಯಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಡ್ಡಪಟ್ಟಿ ಒತ್ತಿದರೆ ತೆರೆದುಕೊಳ್ಳುವ ಪ್ಯಾನಿಕ್ ಬಾರ್ ಹಾಕಿದರೆ ಹೊರಗಿನ ಕಳ್ಳನೂ ಬರಲಾರ, ಒಳಗಿನವರೂ ಸಿಕ್ಕಿಬೀಳಲಾರರು. ಬಜೆಟ್ಟಿನಲ್ಲಿ ಮೊದಲ ದುಡ್ಡು ಇದಕ್ಕೆ.

ಎರಡನೆಯದು ಕ್ಲಿನಿಕ್ಕಿನ ಮುಂಬಾಗಿಲಿಗೆ. ಬಾಲ್ ಬೇರಿಂಗ್ ಇರುವ ಬಿಜಾಗರಿ ಮೂರು ಹಾಕಿಸಿ. ಎಳೆತ ಜಾಸ್ತಿ ಬೀಳುವುದು ಮೇಲಿನದರ ಮೇಲೆ. ಹಾಗಾಗಿ ಮೂರನೆಯದನ್ನು ನಟ್ಟನಡುವೆ ಹಾಕುವ ಬದಲು ಮೇಲಿನದರ ಹತ್ತಿರ, ಒಂದು ಗೇಣು ಕೆಳಗೆ ಕೂರಿಸಿ. ಹಿಡಿಕೆ ಉರುಟು ನಾಬ್ ಬೇಡ, ಮೊಣಕೈಯಲ್ಲೂ ಒತ್ತಿ ತೆರೆಯಬಹುದಾದ ಲಿವರ್ ಇರಲಿ. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡವರು, ಮಗು ಎತ್ತಿಕೊಂಡವರು ಬರುವ ಜಾಗ ಅದು. ಉಳಿದ ಬಾಗಿಲುಗಳನ್ನು ಒಂದೇ ಸಲ ಬದಲಿಸಬೇಕಾಗಿಲ್ಲ, ಎಣಿಕೆಯಲ್ಲಿ ಮೇಲಿರುವವು ಮೊದಲು, ಮಿಕ್ಕವು ಬರುವ ವರ್ಷ. ಹಳೆಯ ಲಾಕ್ ತೆಗೆಯುವ ಮೊದಲು ಬಾಗಿಲ ದಪ್ಪ, ಹಿಡಿಕೆಯಿಂದ ಕೀ ತೂತಿನ ತನಕದ ಅಂತರ ಅಳೆದುಕೊಳ್ಳಿ. ಇಲ್ಲದಿದ್ದರೆ ಹೊಸ ಲಾಕಿಗಾಗಿ ಮತ್ತೆ ಮರ ಕೊರೆಯಬೇಕಾಗುತ್ತದೆ.

ಲಾಕಿನ ಕೀ ತೂತಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆ ಇದೆ. ಅದು ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ, ಸಿಗದಿದ್ದರೆ ಪೆನ್ಸಿಲ್ ಸೀಸವನ್ನು ನುಣ್ಣಗೆ ಕೆರೆದು ಕೀಗೆ ಸವರಿ ನಾಲ್ಕು ಸಲ ತಿರುಗಿಸಿ. ವರ್ಷಕ್ಕೊಮ್ಮೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಎಲ್ಲ ಬಾಗಿಲುಗಳ ಸ್ಕ್ರೂ ಬಿಗಿ ಮಾಡಿಸಿ. ಹೊಸ ಕ್ಲೋಸರ್ ಹಾಕಿದ ದಿನ ಅದರ ಕವರಿನ ಒಳಬದಿಗೆ ಮಾರ್ಕರಿನಲ್ಲಿ ತಾರೀಕು ಬರೆದಿಡಿ. ಮುಂದಿನ ಸಲ ಅದು ಕೆಟ್ಟಾಗ, ಎಷ್ಟು ವರ್ಷ ಬಾಳಿತು ಅಂತ ಕವರ್ ತೆಗೆದು ನೋಡಿದರೆ ಸಾಕು.